ಏಳು ದಿನ ತಿಂದದ್ದರ ಪಟ್ಟಿ

ಡಾಕ್ಟರ ಎದುರು ಕೂತು ಪೂರ್ತಿ ನಿಜ ಹೇಳುವವರು ಈ ಲೋಕದಲ್ಲಿ ಇದ್ದಾರೆಂದು ನಾನು ನಂಬುವುದಿಲ್ಲ. ದಿನಾ ವಾಕಿಂಗ್ ಮಾಡುತ್ತೀರಾ ಎಂದು ಅವರು ಕೇಳಿದರೆ, ರಿಕ್ಷಾ ಸಿಗದೆ ನಡೆದ ದಿನಗಳನ್ನೆಲ್ಲ ಒಟ್ಟುಗೂಡಿಸಿಕೊಂಡು ಹೂಂ ಎನ್ನುತ್ತೇವೆ. ಸಿಹಿ ತಿನ್ನುತ್ತೀರಾ ಎಂದರೆ ಹಬ್ಬಕ್ಕೆ ಮಾತ್ರ ಎನ್ನುತ್ತೇವೆ. ದೆಹಲಿಯಲ್ಲಿ ಯಾರದಾದರೊಬ್ಬರ ಹಬ್ಬ ದಿನಾ ಇದ್ದೇ ಇರುತ್ತದೆ ಎಂಬುದನ್ನು ಅವರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಈ ವಿದ್ಯೆಯಲ್ಲಿ ನಾನು ಚೆನ್ನಾಗಿಯೇ ಪಳಗಿದವನು. ಆದರೆ ಬಾಯಲ್ಲಿ ಹೇಳಿದ ಸುಳ್ಳು ಗಾಳಿಗೆ ಹೋಗುತ್ತದೆ, ಬರೆದು ಕೊಟ್ಟ ಸುಳ್ಳನ್ನು ಡಾಕ್ಟರು ಕನ್ನಡಕ ಹಾಕಿಕೊಂಡು ಓದುತ್ತಾರೆ ಎಂಬುದು ಕಳೆದ ಚಳಿಗಾಲದವರೆಗೂ ನನಗೆ ಹೊಳೆದಿರಲಿಲ್ಲ.

ಎರಡು ತಿಂಗಳಿಂದ ಹೊಟ್ಟೆಯಲ್ಲಿ ಉರಿ. ಮೊದಲು ಶುಂಠಿ ಕಷಾಯ ಕುಡಿದೆ, ಆಮೇಲೆ ಓಂಕಾಳು ಅಗಿದೆ, ಆಮೇಲೆ ಪಕ್ಕದ ಮನೆಯ ಶರ್ಮಾಜಿಯ ಗುಳಿಗೆಯನ್ನೂ ನುಂಗಿದೆ. ನಮ್ಮ ತಂದೆ ತೀರಿಕೊಂಡದ್ದು ಹೊಟ್ಟೆಯ ಕ್ಯಾನ್ಸರಿನಿಂದ, ಅವರಿಗೂ ಹೀಗೇ ಉರಿಯಿಂದ ಶುರುವಾಗಿತ್ತು. ಆ ಮಾತನ್ನು ನಾನು ಎತ್ತಲಿಲ್ಲ, ನನ್ನ ಹೆಂಡತಿ ವಿಮಲಾನೂ ಎತ್ತಲಿಲ್ಲ. ಆದರೆ ಉಪ್ಪಿನಕಾಯಿ ಜಾಡಿ ಇದ್ದಕ್ಕಿದ್ದಂತೆ ಅಟ್ಟ ಸೇರಿತು, ಹಪ್ಪಳ ಕರಿಯುವ ಬಾಣಲೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಅವಳು ಹೆದರಿದ್ದಾಳೆಂದು ಅದರಿಂದಲೇ ನನಗೆ ಗೊತ್ತಾಯಿತು. ನನಗೂ ಭಯವೇ, ಆದರೆ ಗಂಡಸು ಎಂಬ ಹುದ್ದೆಯ ಕಾರಣದಿಂದ ತೋರಿಸಿಕೊಳ್ಳುವಂತಿರಲಿಲ್ಲ.

ಹೌಜ್ ಖಾಸಿನ ಡಾಕ್ಟರೊಬ್ಬರ ಹತ್ತಿರ ಅವಳೇ ಎಳೆದುಕೊಂಡು ಹೋದಳು. ಅವರು ಹೊಟ್ಟೆ ಒತ್ತಿ ನೋಡಿ, ತಂದೆಯ ಕಾಯಿಲೆಯನ್ನೂ ಕೇಳಿ ತಿಳಿದುಕೊಂಡು, ಮಾತ್ರೆ ಬರೆದು, ಏಳು ದಿನ ತಿಂದದ್ದು ಕುಡಿದದ್ದನ್ನೆಲ್ಲ ಹೊತ್ತಿನ ಸಮೇತ ಬರೆದು ತನ್ನಿ ಎಂದರು. ಒಂದು ದಿನದ ಪಕೋಡದಿಂದ ಯಾರಿಗೂ ಏನೂ ಆಗುವುದಿಲ್ಲ, ವರ್ಷಾನುಗಟ್ಟಲೆ ಏನು ತಿನ್ನುತ್ತೀರಿ, ಹೇಗೆ ತಿನ್ನುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದು ಸಮಾಧಾನವಾಗಿ ವಿವರಿಸಿದರು. ನನ್ನ ಕಣ್ಣ ಮುಂದೆ ದೆಹಲಿಗೆ ಬಂದ ಇಪ್ಪತ್ತೆಂಟು ವರ್ಷಗಳ ಪಕೋಡಗಳು ಸಾಲಾಗಿ ಹಾದುಹೋದವು.

ನಾನು ಇಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ನಡೆಸುವ ಮೇಷ್ಟ್ರು. ನಮ್ಮ ಹುಡುಗರು ಮೊದಲು ಗ್ರಾಫ್ ಎಳೆದು, ಆಮೇಲೆ ಅದಕ್ಕೆ ಹೊಂದುವ ರೀಡಿಂಗ್ ಬರೆಯುತ್ತಾರೆ. ಅಂಥ ರೆಕಾರ್ಡನ್ನು ದೂರದಿಂದಲೇ ಗುರುತಿಸಿ ವಾಪಸ್ ಎಸೆಯುವುದರಲ್ಲಿ ನನಗೆ ಹೆಸರಿದೆ. ಅಂಥವನು ಭಾನುವಾರ ಬೆಳಿಗ್ಗೆ ಒಮ್ಮೆಗೇ ಕೂತು ಏಳೂ ದಿನದ್ದನ್ನು ಬರೆದು ಮುಗಿಸಿದೆ. ಮೆಟ್ರೋ ಗೇಟಿನ ಭಯ್ಯಾ ಕರಿದು ಕೊಡುವ ಕಚೋರಿ 'ಹಣ್ಣು, ಒಂದು ಬಟ್ಟಲು' ಆಯಿತು. ಲ್ಯಾಬಿನ ಸಾಮಾನಿಗೆಂದು ಕರೋಲ್ ಬಾಗಿಗೆ ಹೋದಾಗಲೆಲ್ಲ ಹೊಡೆಯುವ, ಎಣ್ಣೆ ಸೋರುವ ಛೋಲೆ ಭಟೂರೆ 'ಕಾಳು, ರೊಟ್ಟಿ ಎರಡು' ಎಂದು ಶುದ್ಧವಾಯಿತು. ಇವೆರಡರ ಸುದ್ದಿ ವಿಮಲಾಗೂ ಗೊತ್ತಿರಲಿಲ್ಲ. ದೆಹಲಿಯಲ್ಲೇ ಹುಟ್ಟಿ ಬೆಳೆದ ಮಗಳು ಅದನ್ನು ಓದಿ, "ಪಪ್ಪಾ, ಯೇ ತೋ ಕಿಸೀ ಬಾಬಾಜೀ ಕಾ ಟೈಮ್‌ಟೇಬಲ್ ಹೈ" ಎಂದು ನನ್ನನ್ನು ಯಾವುದೋ ಸನ್ಯಾಸಿಯ ಸಾಲಿಗೆ ಸೇರಿಸಿ ಒಳಗೆ ಹೋದಳು.

ಡಾಕ್ಟರು ಪಟ್ಟಿಯನ್ನು ಎರಡು ಸಲ ಓದಿದರು. ಬಹಳ ಒಳ್ಳೆಯ ಊಟ ಎಂದು ಹೊಗಳಿದರು. ನಾನು ಸಂಕೋಚದಿಂದ ತಲೆ ತಗ್ಗಿಸಿದೆ. ಆಮೇಲೆ ಅವರು ಪೆನ್ನು ಕೆಳಗಿಟ್ಟು, ಇಷ್ಟು ಕ್ರಮವಾಗಿ ತಿನ್ನುವವರಿಗೆ, ಅದೂ ಮಾತ್ರೆ ನುಂಗಿದ ಮೇಲೂ, ಉರಿ ಹೀಗೆ ಉಳಿಯಬಾರದು, ತಂದೆಗೂ ಇತ್ತು ಅಂತೀರಿ, ಒಳಗೇ ಏನೋ ಇರಬಹುದು, ಎಂಡೋಸ್ಕೋಪಿ ಮಾಡಿಬಿಡೋಣ ಎಂದರು. ವಿಮಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

ಮನೆಗೆ ಬರುವಾಗ ಆಟೋದಲ್ಲಿ ನಾನು ಮಾತಾಡಿಸಿದರೆ ಅವಳು ಹೊರಗೆ ನೋಡುತ್ತಾಳೆ, ಕಣ್ಣು ಒರೆಸಿಕೊಳ್ಳುತ್ತಾಳೆ. ಅವಳ ಮನಸ್ಸಿನಲ್ಲಿ ನಾನಾಗಲೇ ಅರ್ಧ ಹೋಗಿಬಿಟ್ಟಿದ್ದೆ. ನನಗೆ ತಡೆಯಲಾಗಲಿಲ್ಲ. ಆ ಪಟ್ಟಿ ಸುಳ್ಳು ಎಂದೆ. ಕಚೋರಿಯಿಂದ ಶುರುಮಾಡಿ ಭಟೂರೆಯವರೆಗೆ ಒಪ್ಪಿಕೊಂಡೆ, ಬೈಗುಳಕ್ಕೆ ತಲೆ ಕೊಟ್ಟು ಕೂತೆ.

"ದಿನಾ ತಿಂತಿದ್ರಾ?" ಎಂದಳು. ಅವಳ ಮುಖ ಬೆಳಗುತ್ತಿತ್ತು.

"ಹೆಚ್ಚು ಕಡಿಮೆ ದಿನಾ."

"ಎಷ್ಟು? ಒಂದಾ, ಎರಡಾ? ಸರಿಯಾಗಿ ನೆನಪು ಮಾಡ್ಕೊಳ್ರೀ."

ನನ್ನ ಪಾಪಗಳನ್ನು ಅವಳು ಅಷ್ಟು ಪ್ರೀತಿಯಿಂದ ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಉರಿ ಹಾಳು ಎಣ್ಣೆಯದೇ ಹೊರತು ಮಾವನವರಿಗೆ ಬಂದದ್ದಲ್ಲ ಎಂಬುದು ಅವಳ ಲೆಕ್ಕಾಚಾರ. ಮನೆಗೆ ಬಂದವಳೇ ಹೊಸ ಹಾಳೆ ತಂದು ಮುಂದಿಟ್ಟಳು. ಒಂದೊಂದು ಕಚೋರಿ ಬರೆದಾಗಲೂ ಅವಳ ಎದೆಯ ಭಾರ ಒಂದಿಷ್ಟು ಇಳಿಯುತ್ತಿತ್ತು. ಅದನ್ನು ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಎರಡಿದ್ದದ್ದು ನಾಲ್ಕಾಯಿತು. ನಾನು ಹತ್ತಿರವೂ ಸುಳಿಯದ ಜಿಲೇಬಿ ಬಂತು, ತಂದೂರಿನಲ್ಲಿ ಸುಟ್ಟ ಪನೀರ್ ಬಂತು, ಲ್ಯಾಬಿನ ಅಲ್ಮೇರಾದಲ್ಲಿ ಒಂದು ಉಪ್ಪಿನಕಾಯಿ ಬಾಟಲಿಯೂ ಹುಟ್ಟಿಕೊಂಡಿತು. ಅವಳು ಎಷ್ಟೋ ದಿನಗಳ ಮೇಲೆ ನೆಮ್ಮದಿಯಿಂದ ಊಟ ಮಾಡಿದಳು.

ಹೊಸ ಪಟ್ಟಿ ಓದಿದ ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇಷ್ಟು ಕರಿದದ್ದು, ಇಷ್ಟು ಉಪ್ಪು, ಇಷ್ಟು ಸುಟ್ಟದ್ದು, ಅದರ ಮೇಲೆ ತಂದೆಗೂ ಇತ್ತು ಎಂದಮೇಲೆ ಇನ್ನು ಒಂದು ದಿನವೂ ಕಾಯುವಂತಿಲ್ಲ, ನಾಳೆಯೇ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು.

ಹೋದೆ. ಕೊಳವೆ ನುಂಗಿದೆ. ಅವರು ಹೊಟ್ಟೆಯೊಳಗಿಂದ ತೆಗೆದು ಪರೀಕ್ಷೆಗೆ ಕಳಿಸಿದ ಚೂರಿನ ರಿಪೋರ್ಟು ಬರುವವರೆಗಿನ ನಾಲ್ಕು ದಿನ ನಾನು ತಿಂದದ್ದನ್ನು ಯಾವ ಪಟ್ಟಿಯಲ್ಲೂ ಬರೆಯುವ ಅಗತ್ಯವಿಲ್ಲ, ಯಾಕೆಂದರೆ ಏನೂ ಇಳಿಯಲಿಲ್ಲ. ಐದನೆಯ ದಿನ ಡಾಕ್ಟರು, ಕೆಟ್ಟದ್ದೇನೂ ಇಲ್ಲ, ಬರೀ ಆಸಿಡಿಟಿ, ಊಟ ಸರಿಮಾಡಿಕೊಳ್ಳಿ ಎಂದಾಗ ನನಗೆ ಅಳು ಬಂದದ್ದು ನಿಜ. ವಿಮಲಾ ಆಗಲೇ ಅಳುತ್ತಿದ್ದಳು. ಡಾಕ್ಟರು ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಇವುಗಳಲ್ಲಿ ಯಾವುದನ್ನು ಸರಿಮಾಡಬೇಕು, ನಿಜ ಯಾವುದು ಎಂದು ಕೇಳಿದರು. ಆ ಹೊತ್ತಿಗೆ ನನಗೇ ಗೊತ್ತಿರಲಿಲ್ಲ. ವಿಮಲಾ ಮೂಗು ಒರೆಸಿಕೊಂಡು ತನ್ನ ಹಿಂದಿಯಲ್ಲಿ ಹೇಳಿದಳು: "ಒಂದು ನನಗೆ ಹೆದರಿ ಬರೆದದ್ದು ಡಾಕ್ಟರ್‌ಸಾಬ್, ಇನ್ನೊಂದು ನನಗೆ ಧೈರ್ಯ ತುಂಬೋಕೆ ಬರೆದದ್ದು. ಇವರು ತಿಂದದ್ದು ಎರಡರಲ್ಲೂ ಇಲ್ಲ."

ಡಾಕ್ಟರು ಹೊಸ ಹಾಳೆಯನ್ನು ಅವಳ ಕೈಗೆ ಕೊಟ್ಟರು. ಅಂದಿನಿಂದ ನಾನು ತಿನ್ನುತ್ತೇನೆ, ಅವಳು ಬರೆಯುತ್ತಾಳೆ. ತಿಂಗಳು ಕಳೆಯುವುದರೊಳಗೆ ಉರಿ ಹೋಯಿತು. ಮಾತ್ರೆಯಿಂದ ಹೋಯಿತು ಎಂದು ನಾನು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತಿದ್ದೇನೆ.