ಹದ್ದಿನ ಕಾಲಿನ ಆರನೇ ಕುರ್ಚಿ

ನಾನು ಒಂದು ಕಡೆ ಕೂರುವ ಪೈಕಿಯವನಲ್ಲ. ಊಟಕ್ಕೆ ಕೂತರೂ ಎಡಗೈ ಗೋಡೆ ತಡವುತ್ತಿರುತ್ತದೆ. ಇಂಥವನ ಹಣೆಯಲ್ಲಿ ದೇವರು ಕುರ್ಚಿ ಮಾಡುವ ಕೆಲಸ ಬರೆದ ಮೇಲೆ ಏನಾದರೊಂದು ಆಗುತ್ತಲೇ ಇರಬೇಕಲ್ಲ! ಬಿಳಿ ದೊರೆಗಳ ಕಾಲದಲ್ಲಿ, ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟ್ ಬಂಗಲೆಯ ಕುರ್ಚಿ ನನ್ನನ್ನು ಕುಣಿಸಿದ್ದನ್ನೇ ಕೇಳಿ.

ಚೀನಾದ ಹಾವು

ಬಂಗಲೆಯಲ್ಲಿ ಊಟದ ಮೇಜಿಗೆ ಇಂಗ್ಲೆಂಡಿನಿಂದ ಬಂದ ಆರು ಮಹಾಗನಿ ಕುರ್ಚಿಗಳಿದ್ದವು. ಒಂದರ ಮೇಲೆ ಯಾರೋ ದಪ್ಪ ನೆಂಟ ಕೂತು ಅದರ ಕಥೆ ಮುಗಿಸಿದ್ದ. ಶನಿವಾರ ದೊಡ್ಡ ಊಟ. ಅಷ್ಟರೊಳಗೆ ಅಂಥದ್ದೇ ಒಂದು ಮಾಡಿಕೊಟ್ಟರೆ ಬಂಗಲೆಯ ಮರದ ಕೆಲಸವೆಲ್ಲ ನನಗೆ, ಇಲ್ಲವಾದರೆ ಮಂಗಳೂರಿನ ಆಚಾರಿಗೆ. ಕೆಲಸ ಸಿಕ್ಕೇಬಿಟ್ಟಿತು ಅಂತ ನಾನಾಗಲೇ ನಮ್ಮೂರು ಗಾಳಿಬೀಡು ತುಂಬ ಹೇಳಿಕೊಂಡು ತಿರುಗಿದ್ದೆ.

ಕುರ್ಚಿಕಾಲಿನ ತುದಿಯಲ್ಲಿ ಉಗುರಿನ ಪಾದ, ಅದರ ಹಿಡಿತದಲ್ಲೊಂದು ಉಂಡೆ. ಬಂಗಲೆಯ ದೊರೆಸಾನಿ ಏನೋ ಡ್ರ್ಯಾಗನ್ ಅಂತ ಅದರ ಮೂಲ ವಿವರಿಸಿದರು, ಬಟ್ಲರ್ ಕನ್ನಡ ಮಾಡಿದ: "ಚೀನಾದಲ್ಲಿ ಇದು ಮುತ್ತು ಹಿಡಿದ ಹಾವಂತೆ. ಇಂಗ್ಲೆಂಡಿಗೆ ಬಂದ ಮೇಲೆ ಹದ್ದಾಯಿತಂತೆ."

"ಹಾವಿಗೆ ಕಾಲೆಲ್ಲಿಂದ ಬಂತು ಮಾರಾಯ?"

"ಚೀನಾದ ಹಾವಿಗೆ ಉಂಟಂತೆ. ನೀನು ಸುಮ್ಮನೆ ಕೆತ್ತು."

ಹದ್ದು ಹಿಡಿಯಲು ಎಲ್ಲಿಗೆ ಹೋಗಲಿ? ಮನೆಯ ಹೇಂಟೆಕೋಳಿಯನ್ನೇ ಕಟ್ಟಿಹಾಕಿ, ಕಾಲಡಿ ನಿಂಬೆಹಣ್ಣಿಟ್ಟು, ನೋಡಿ ನೋಡಿ ಕೆತ್ತಿದೆ. ಅದೂ ನನ್ನ ಹಾಗೆಯೇ, ನಿಂತಲ್ಲಿ ನಿಲ್ಲದು. "ಅದನ್ನ ಬಿಡ್ತೀರೋ, ಇವತ್ತೇ ಸಾರು ಮಾಡ್ಲೋ?" ಅಂತ ಹೆಂಡತಿ ಬೈದಳು. ಮೂರನೇ ದಿನ ನೋಡಿದರೆ ಹೇಂಟೆ ನಿಂಬೆಹಣ್ಣಿನ ಮೇಲೆ ಕಾವಿಗೆ ಕೂತಿತ್ತು!

ಬೆನ್ನಿನ ಬಳ್ಳಿ

ಮಹಾಗನಿ ನಮ್ಮ ಕಾಡಲ್ಲೆಲ್ಲಿ? ಹೊನ್ನೆಮರಕ್ಕೆ ಬಣ್ಣ ಉಜ್ಜಿದೆ. ಒರಗುವ ಹಲಗೆಯಲ್ಲಿ ಬಳ್ಳಿ ಕೆತ್ತುತ್ತ ಎರಡು ದಿನ ಕೂತೆ, ಎದ್ದೆ, ಅಂಗಳ ಸುತ್ತಿದೆ, ಮತ್ತೆ ಕೂತೆ.

ಹೆಂಡತಿ ಕೇಳಿದಳು, "ಕೂತವರ ಬೆನ್ನಿನ ಹಿಂದಿರೋದನ್ನ ನೋಡೋರು ಯಾರು?"

"ಹಿಂದೆ ನಿಂತು ಬಡಿಸುವ ಬಟ್ಲರ್."

"ಹಾಗಿದ್ರೆ ಅವನನ್ನೇ ಕರ್ಸಿ ತೋರ್ಸಿ. ದೊರೆಸಾನಿಗೆ ಯಾಕೆ ಹೆದರ್ತೀರಿ?"

ಕೂತು ತೋರಿಸು

ಶನಿವಾರ ಬೆಳಿಗ್ಗೆ ನನ್ನ ಕುರ್ಚಿಯನ್ನು ಆ ಐದರ ನಡುವೆ ಇಟ್ಟರು. ದೊರೆಯೂ ನೋಡಲು ಬಂದರು. ದೊರೆಸಾನಿ ತಮಗೆ ಬರುವ ಕನ್ನಡದಲ್ಲೇ ಹೇಳಿದರು, "ಕೂತು ತೋರಿಸು."

ದೊರೆಯ ಎದುರಿಗೆ ಕುರ್ಚಿಯಲ್ಲಿ ಕೂರುವುದುಂಟೇ? ಕೈಮುಗಿದು ಹಿಂದೆ ಸರಿದೆ. "ಬೇಡಿ ಅಮ್ಮಾವ್ರೇ."

ಬಟ್ಲರಿಗೆ ಹೇಳಿದರು. ಅವನೂ ಕೈಮುಗಿದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಹೇಳಿದರು. ಅವರಂತೂ ಬಾಗಿಲ ಹೊರಗೇ ಹೋಗಿ ನಿಂತರು.

ದೊರೆಸಾನಿಯ ಮುಖ ಕೆಂಪಾಯಿತು. "ಮೂರು ಗಂಡಸರು ಹೆದರುವ ಕುರ್ಚಿಯಲ್ಲಿ ನನ್ನ ನೆಂಟರು ಕೂರಬೇಕಾ? ರೈಟರ್, ಮಂಗಳೂರಿಗೆ ಕಾಗದ ಬರಿ!"

ಅಯ್ಯೋ, ಊರಿಗೆ ಯಾವ ಮುಖ ಹೊತ್ತು ಹೋಗಲಿ? ಮರ್ಯಾದೆ ಹಾಳಾಗಲಿ ಅಂತ ಕಣ್ಣುಮುಚ್ಚಿ ಓಡಿ ಹೋಗಿ ದೊಪ್ಪನೆ ಕೂತೆ. ಕರಕ್! ಕುರ್ಚಿ ಸಮೇತ ನೆಲಕ್ಕೆ ಬಿದ್ದೆ. ಹೋಯಿತು, ಎಲ್ಲ ಹೋಯಿತು.

ಕಣ್ಣು ಬಿಟ್ಟೆ. ನನ್ನ ಕುರ್ಚಿ ಪಕ್ಕದಲ್ಲಿ ಗಟ್ಟಿಯಾಗಿ ನಿಂತಿದೆ! ಗಾಬರಿಯಲ್ಲಿ ನಾನು ಕೂತದ್ದು ಇಂಗ್ಲೆಂಡಿನದರ ಮೇಲೆ.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊರೆಸಾನಿ ನನ್ನದನ್ನು ಅಲ್ಲಾಡಿಸಿ ನೋಡಿದರು, ತಾವೇ ಕೂತರು. ಆಮೇಲೆ ನಿಟ್ಟುಸಿರು ಬಿಟ್ಟು, "ಕಾಗದ ಬೇಡ. ಇವನೇ ಇನ್ನೊಂದು ಮಾಡಲಿ" ಅಂದರು.

ನಾನು ನಿಲ್ಲಲಿಲ್ಲ, ಇನ್ನೊಂದಕ್ಕೂ ನೋಡಿ ಕೆತ್ತಲು ಹೇಂಟೆಯ ಕಾಲು ಬೇಕಲ್ಲ! ಗಾಳಿಬೀಡಿನವರೆಗೂ ಓಡುನಡಿಗೆ. ಅಂಗಳಕ್ಕೆ ಕಾಲಿಡುವಾಗಲೇ ಒಗ್ಗರಣೆಯ ಘಮ ಬಂತು. ಹೊರಗಿಂದಲೇ ಹೆಂಡತಿಗೆ ಕೂಗಿದೆ:

"ಏಯ್, ಹೇಂಟೆ ಉಂಟೋ, ಸಾರು ಆಯಿತೋ?"