ಮಲಗಿ ಏಳುವ ಕಂಬ

ವಾದ ಮಾಡಿ ಗೆಲ್ಲುವುದನ್ನು ಕಲಿತವರಿಗೆ ಮನೆಯಲ್ಲಿ ಊಟ ಸಿಗುತ್ತದೆ, ಮೆಚ್ಚುಗೆ ಸಿಗುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಕಪ್ಪುಗಳಲ್ಲಿ ಅಮ್ಮ ಮೆಂತ್ಯ, ಸಾಸಿವೆ ತುಂಬಿಟ್ಟಿದ್ದಾಳೆ. ದೇವರು, ಜಾತಕ, ಪಕ್ಕದ ಮನೆಯವರ ಬಿಪಿ, ಯಾವುದನ್ನೂ ಪುರಾವೆಯಿಲ್ಲದೆ ಒಪ್ಪದ ನಾನು ವೆಸ್ಟ್ ಮಾಂಬಲಂನ ನಮ್ಮ ಫ್ಲಾಟಿನ ತಾರಸಿಯಲ್ಲಿ ಒಂದು ಕಬ್ಬಿಣದ ಕಂಬಕ್ಕೆ ಸೋತುಹೋದೆ.

ಅಪ್ಪನಿಗೆ ಹ್ಯಾಮ್ ರೇಡಿಯೋ ಹುಚ್ಚು. ಲೈಸೆನ್ಸ್ ಪಡೆದು, ಮನೆಯಲ್ಲೇ ಕೂತು ದೂರದವರೊಡನೆ ಮಾತಾಡುವ ಹವ್ಯಾಸ ಅದು. ಅವರಿಗೆ ಪ್ರಪಂಚವೆಲ್ಲ ಬೇಕಿರಲಿಲ್ಲ, ತಿಪಟೂರು ಸಾಕಿತ್ತು. ಅಲ್ಲಿದ್ದ ಬಾಲ್ಯದ ಗೆಳೆಯ ಸೀನಪ್ಪನವರೊಡನೆ ದಿನಾ ಬೆಳಿಗ್ಗೆ, ರೈಲ್ವೆ ಆಫೀಸಿಗೆ ಹೊರಡುವ ಮುಂಚೆ, ಸೆಖೆ ಮತ್ತು ಮಂಡಿನೋವಿನ ವಿನಿಮಯ. ಸುತ್ತಲೂ ತಮಿಳೇ ಕೇಳುವ ಊರಿನಲ್ಲಿ, ಅಮ್ಮನೂ ನಾನೂ ಅರ್ಧಕ್ಕರ್ಧ ತಮಿಳು ಬೆರೆಸುವ ಮನೆಯಲ್ಲಿ ಅವರಿಗೆ ಅಪ್ಪಟ ಕನ್ನಡ ಸಿಗುತ್ತಿದ್ದುದು ಅಷ್ಟು ಹೊತ್ತು ಮಾತ್ರ. ಒಂದು ದಿನ ಸೀನಪ್ಪನವರು ಯಾಕೋ ಎದೆ ಹಿಡಿದ ಹಾಗಿದೆ ಎಂದು ಬೇಗ ಮಾತು ಮುಗಿಸಿದರು. ಮತ್ತೆ ಅವರ ದನಿ ಬರಲಿಲ್ಲ.

"ಆಂಟೆನಾ ಎತ್ತರ ಸಾಲ್ದು," ಎಂದು ಅಪ್ಪ ತೀರ್ಪು ಕೊಟ್ಟರು. ಉದ್ದನೆಯ ಪೈಪು ಬಂತು. ಹತ್ತಿ ಇಳಿಯುವ ವಯಸ್ಸಲ್ಲವಾದ್ದರಿಂದ ಬುಡಕ್ಕೆ ಬಾಗಿಲಿಗಿರುವಂಥ ಕೀಲು. ಹಗ್ಗ ಎಳೆದರೆ ಕಂಬ ಏಳುತ್ತದೆ, ಸಡಿಲ ಬಿಟ್ಟರೆ ಮಲಗುತ್ತದೆ. ಹಗ್ಗ ನನ್ನ ಕೈಗೆ.

"ಅಪ್ಪಾ, ಕೊಲಂಬೊ ಕೇಳ್ಸತ್ತೆ, ಮಧುರೆ ಕೇಳ್ಸತ್ತೆ. ತಿಪಟೂರು ಒಂದೇ ಕೇಳ್ಸಲ್ಲ ಅಂದ್ರೆ ತಪ್ಪು ಆಂಟೆನಾದ್ದು ಹೇಗಾಗತ್ತೆ?"

"ಎಳೀರಿ ವಕೀಲರೇ, ಹಗ್ಗ ಎಳೀರಿ."

"ಅವರ ಮನೆಗೆ ಒಂದು ಎಸ್‌ಟಿಡಿ ಮಾಡಿದ್ರೆ ಗೊತ್ತಾಗ್ಬಿಡತ್ತಲ್ಲ?"

"ಅದೇ ಕಣೇ," ಎಂದರು ಅಪ್ಪ. "ಗೊತ್ತಾಗ್ಬಿಡತ್ತೆ."

ಸಮಯ ಮುಗಿಯಿತೆಂಬ ಗಂಟೆ ಬಾರಿಸುವ ಮುಂಚೆಯೇ ನಾನು ಮಾತು ನಿಲ್ಲಿಸಿದ್ದು ಅದೇ ಮೊದಲು.

ಅಲ್ಲಿಂದ ಪ್ರತಿ ಭಾನುವಾರ ಕಂಬವನ್ನು ಮಲಗಿಸುವುದು, ಎಲ್ಲೋ ಒಂದು ಸಡಿಲ ಬೆಸುಗೆ ಕಂಡುಹಿಡಿಯುವುದು, ಎಬ್ಬಿಸುವುದು. ರೇಡಿಯೋದಲ್ಲಿ ತಿಪಟೂರಿನ ಜಾಗದಲ್ಲಿ ಮಾತ್ರ ಒಗ್ಗರಣೆಯಂಥ ಚಟಪಟ ಸದ್ದು.

ಒಮ್ಮೆ ಹಗ್ಗ ನೀರಿನ ಟ್ಯಾಂಕಿಗೆ ಸಿಕ್ಕಿ ಕಂಬ ನಡುವೆ ಓರೆಯಾಗಿ ನಿಂತುಬಿಟ್ಟಿತು. ಸಂಡಿಗೆ ಒಣಹಾಕುತ್ತಿದ್ದ ಕೆಳಮನೆಯ ಮಾಮಿ ನಕ್ಕರು. "ಎನ್ನ ಸಾರ್, ಅರೈಕ್ಕಂಬತ್ತುಲೆ ನಿಕ್ಕಿದು? ಯಾರು ಪೋಯಿಟ್ಟಾ?" ಬಾವುಟ ಅರ್ಧಕ್ಕಿಳಿದಿದೆಯಲ್ಲ, ಹೋದವರು ಯಾರು ಎಂಬ ತಮಾಷೆ. ಪಾಪ, ಅವರಿಗೇನು ಗೊತ್ತು.

ಅಪ್ಪ ತಾವೂ ಹಿಡಿದಿದ್ದ ಹಗ್ಗ ಬಿಟ್ಟು ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ಕಂಬದ ಭಾರವೆಲ್ಲ ನನ್ನ ಅಂಗೈಗೆ ಬಂತು. ಮಾಮಿ ಉತ್ತರಕ್ಕೆ ಕಾಯುತ್ತಿದ್ದರು. ಅಪ್ಪನೂ.

"ಯಾರುಂ ಇಲ್ಲೆ ಮಾಮಿ," ಎಂದೆ. "ಮೇಲೆ ವಯರ್ ಲೂಸ್."

ಅಪ್ಪ ತಲೆಯೆತ್ತಿದರು. "ಹೌದಾ? ನಂಗೂ ಹಾಗೇ ಅನ್ನಿಸ್ತು," ಎಂದು ಸ್ಪ್ಯಾನರ್ ಹುಡುಕಲು ಎದ್ದರು.

ನಾನು ಕಂಬದ ತುದಿಯತ್ತ ನೋಡಿಯೂ ಇರಲಿಲ್ಲ. ಈಗ ವಾರವಾರ ಹೊಸ ದೋಷ ಹುಡುಕಿಕೊಡುವ ಕೆಲಸ ನನ್ನದೇ. ಕೀಲಿನ ಬೋಲ್ಟಿಗೆ ಒಂದಿಷ್ಟು ತುಕ್ಕು ಹಿಡಿದಿದೆ. ಅದನ್ನು ಬರುವ ಭಾನುವಾರಕ್ಕೆಂದು ಎತ್ತಿಟ್ಟುಕೊಂಡಿದ್ದೇನೆ.