ಪಿಸ್ತೂಲು ಒರೆಸುವ ಅತ್ತೆ

ನನ್ನ ಗಂಡನ ಸೋದರತ್ತೆ ಇರುವೆಯನ್ನೂ ಹೊಸಕದ ಸಾಧ್ವಿ. ಅಂಥವರ ಮನೆಯಲ್ಲಿ ಹನ್ನೊಂದು ಪಿಸ್ತೂಲುಗಳಿದ್ದವು ಎಂದರೆ ನೀವು ನಂಬುತ್ತೀರಾ?

ಅತ್ತೆ ಧಾರವಾಡದವರು. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಮದುವೆಯಾಗಿರಲಿಲ್ಲ. ಅಲ್ಲಿನ ಕೆಂಟನ್ ಬಡಾವಣೆಯ ಅವರ ಮನೆಗೆ ನಾನು ಮೈಸೂರಿನಿಂದ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಈ ಪಿಸ್ತೂಲುಗಳ ವಿಷಯ ಗಂಡ ಬಾಯಿಬಿಟ್ಟಿರಲಿಲ್ಲ. ಬಿಟ್ಟಿದ್ದರೆ ನಾನು ಬರುತ್ತಿದ್ದೆನೆ!

ಮೊದಲ ಬೆಳಿಗ್ಗೆಯೇ ಸಾಸಿವೆ ಹುಡುಕುತ್ತ ಅಡುಗೆಮನೆಯ ಡ್ರಾಯರ್ ಎಳೆದೆ. ಮೆತ್ತನೆಯ ಬಟ್ಟೆಯ ಮೇಲೆ ಕರ್‍ರಗಿನ ಪಿಸ್ತೂಲೊಂದು ಮಲಗಿತ್ತು. ನನ್ನ ಕಿರುಚಾಟಕ್ಕೆ ಅತ್ತೆ ಟೂತ್‌ಬ್ರಶ್ ಹಿಡಿದೇ ಓಡಿಬಂದರು.

"ಮುಟ್ಟಬ್ಯಾಡವಾ, ಮುಟ್ಟಬ್ಯಾಡ!"

"ಗುಂಡು ಹಾರುತ್ತಾ ಅತ್ತೆ?"

"ಎಲ್ಲೀ ಗುಂಡು? ನಿನ್ನ ಕೈ ಬೆವತದ. ತುಕ್ಕು ಹಿಡೀತದ!"

ಆ ಬ್ರಶ್ಶು ಕೂಡ ಹಲ್ಲಿಗಲ್ಲ, ಪಿಸ್ತೂಲಿನ ಸಂದಿಗೊಂದಿಗೆ!

ಆಮೇಲೆ ಕತೆ ತಿಳಿಯಿತು. ಅತ್ತೆ ಹಳೆಸಾಮಾನಿನ ಸಂತೆಯಲ್ಲಿ ಉತ್ತತ್ತಿ ಇಡಲು ಚೆಂದದ ಮರದ ಪೆಟ್ಟಿಗೆ ಕೊಂಡರಂತೆ. ಅದು ಮೊದಲ ಮಹಾಯುದ್ಧದ ಯಾರೋ ಜರ್ಮನ್ ಅಧಿಕಾರಿಯ ಪಿಸ್ತೂಲಿನ ಒರೆ! ಒರೆ ಬಂದ ಮೇಲೆ ಅದಕ್ಕೆ ತಕ್ಕ ಪಿಸ್ತೂಲು ಬೇಡವೆ? ಒಂದು ಬಂತು, ಅದಕ್ಕೆ ಜೊತೆಯಾಗಿ ಇನ್ನೊಂದು. ಎಲ್ಲವೂ ನಳಿಗೆ ಮುಚ್ಚಿಸಿದವು, ಎಂದೂ ಹಾರದವು. ಪ್ರತಿಯೊಂದಕ್ಕೂ ಸರ್ಟಿಫಿಕೇಟ್ ಇತ್ತು. ನನ್ನ ಎದೆಬಡಿತಕ್ಕೆ ಯಾವ ಸರ್ಟಿಫಿಕೇಟು?

ಆಯುಧಪೂಜೆ ಬಂತು. ಲಂಡನ್ನಿನ ಉಳಿದ ಕನ್ನಡಿಗರು ಕಾರಿಗೆ ಕುಂಕುಮ ಹಚ್ಚಿದರೆ, ಅತ್ತೆ ಹನ್ನೊಂದು ಪಿಸ್ತೂಲು ಸಾಲಾಗಿಟ್ಟು ಹೂವೇರಿಸಿದರು. ಅರಿಸಿನ ಕುಂಕುಮಕ್ಕೆ ಬಂದ ಬೆಂಗಳೂರಿನ ಹೆಂಗಸೊಬ್ಬರು ಬಾಗಿಲಲ್ಲೇ ಕಲ್ಲಾದರು.

"ಇದೇನ್ರೀ ಇದು, ದೇವರ ಮುಂದೆ?"

"ನೀವು ಏನಿಟ್ಟೀರಿ ಮನ್ಯಾಗ?"

"ನಾವು... ಚಾಕು, ಕತ್ತರಿ."

"ಅದರಾಗ ಇನ್ನೂ ಹರಿತ ಅದ. ನಂದು ಪಾಪ, ಏನೂ ಮಾಡೂದಿಲ್ಲ!"

ಆಕೆ ಪ್ರಸಾದವನ್ನೂ ಬಿಟ್ಟು ಹೋದರು.

ಇನ್ನೊಂದು ಮಧ್ಯಾಹ್ನ ಅತ್ತೆ ಕಿಟಕಿಯ ಬಳಿ ನಿಂತು, ಒಂದು ಕಣ್ಣು ಮುಚ್ಚಿ, ಪಿಸ್ತೂಲಿನ ಮೇಲೆ ಧೂಳಿದೆಯೇ ಎಂದು ನೋಡುತ್ತಿದ್ದರು. ಎದುರು ಮನೆಯವರಿಗೆ ಕಂಡದ್ದೇ ಬೇರೆ. ಅರ್ಧ ಗಂಟೆಯಲ್ಲಿ ಬಾಗಿಲ ಮುಂದೆ ಪೊಲೀಸರು, ಅದೂ ನಿಜವಾಗಿ ಹಾರುವ ಬಂದೂಕು ಹಿಡಿದವರು! ಅತ್ತೆ ಬಾಗಿಲು ತೆರೆದು, ಎರಡೂ ಕೈ ಮೇಲೆತ್ತಿಕೊಂಡೇ, "ಶೂಸ್ ಆಫ್, ಪ್ಲೀಸ್. ಇವತ್ತಷ್ಟೇ ಕಾರ್ಪೆಟ್ ತೊಳೆದದ್ದು" ಎಂದು ಇಂಗ್ಲಿಷಿನಲ್ಲಿ ಗದರಿದರು. ಹನ್ನೊಂದೂ ಸರ್ಟಿಫಿಕೇಟ್ ನೋಡಿ ಮುಗಿಸುವ ಹೊತ್ತಿಗೆ ಪೊಲೀಸರು ಕಾಲುಚೀಲದಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದರು!

ಎರಡು ವರ್ಷದ ಮೇಲೆ ನನಗೆ ಮಗಳು ಹುಟ್ಟಿದಳು. ಕೂಸು ಹೊತ್ತು ಆಸ್ಪತ್ರೆಯಿಂದ ಮನೆಗೆ ಬಂದೆ. ಪಿಸ್ತೂಲುಗಳನ್ನು ಜೋಡಿಸಿಡುತ್ತಿದ್ದ ಹಜಾರದ ಗಾಜಿನ ಕಪಾಟು ಬರಿದಾಗಿತ್ತು. ಹನ್ನೊಂದರಲ್ಲಿ ಒಂದೂ ಇರಲಿಲ್ಲ.

"ಅತ್ತೆ! ಕಳ್ಳರು ಬಂದಿದ್ರಾ?"

"ಇಲ್ಲವಾ. ಎಲ್ಲಾ ಒಂದು ಮ್ಯೂಸಿಯಮ್ಮಿಗೆ ಕೊಟ್ಟು ಬಂದೆ."

"ಅಷ್ಟು ಪ್ರೀತಿಯಿಂದ ಕೂಡಿಸಿದ್ದನ್ನ?"

"ಹಾರೂದಿಲ್ಲ ಖರೆ. ಆದ್ರ ಕೂಸು ಮೊದಲು ಹಿಡಿಯೂ ಆಟಿಗಿ ಅದಾಗಬಾರದು."

ಅತ್ತೆ ಬಚ್ಚಲಿಗೆ ಹೋದರು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿತು. ಹೊರಬಂದು, ಒದ್ದೆ ಅಂಗೈಗಳನ್ನು ಮೂಸಿ ನೋಡಿಕೊಂಡು, ನನ್ನಿಂದ ಎರಡು ಹೆಜ್ಜೆ ದೂರವೇ ನಿಂತರು.

"ಮೂರು ಸಲ ತೊಳಕೊಂಡೀನಿ. ಪಿಸ್ತೂಲಿನ ಎಣ್ಣಿ ವಾಸನಿ ಇನ್ನೂ ಸ್ವಲ್ಪ ಅದ. ಎತ್ತಿಕೊಳ್ಳಲೇನವಾ?"

ಪೊಲೀಸರಿಗೂ ಅಳುಕದ ನನ್ನ ಅತ್ತೆ ಯಾರಲ್ಲಾದರೂ ಅಪ್ಪಣೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮಗಳನ್ನು ಆ ಕೈಗಳಲ್ಲಿಟ್ಟೆ.